ಕಾರ್ ಟೇಪಿನ ಕೆಂಪು ವೈರು

ನಮ್ಮ ಮನೆಯಲ್ಲಿ ನಮ್ಮದೇ ಅಂತ ಒಂದು ರೇಡಿಯೋ ಇರಲಿಲ್ಲ. ಆದರೂ ಹಾಡಿಲ್ಲದೆ ಊಟ ಮಾಡಿದ ದಿನಗಳು ಕಡಿಮೆ. ದಾವಣಗೆರೆಯ ನಿಟ್ಟುವಳ್ಳಿಯ ಆ ಮನೆಗೆ ಇದ್ದದ್ದು ಮೂರೇ ಕೋಣೆ. ರಸ್ತೆಗೆ ತೆರೆದುಕೊಂಡದ್ದು ಅಪ್ಪನ ಅಂಗಡಿ, ನಡುವಿನದು ನಾವು ಉಣ್ಣುವ, ಮಲಗುವ, ಜಗಳವಾಡುವ ಜಾಗ, ಹಿಂದಿನದು ಅಡುಗೆಮನೆ. ಅಂಗಡಿಗೂ ನಡುಮನೆಗೂ ಮಧ್ಯೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಸೀರೆಯೊಂದು ಪರದೆಯಾಗಿ ತೂಗುತ್ತಿತ್ತು. ಅಪ್ಪ ಕಾರು, ಲಾರಿ, ಮಟಾಡೋರುಗಳಿಗೆ ರೇಡಿಯೋ, ಟೇಪು ಕೂಡಿಸುವ ಮೇಸ್ತ್ರಿ. ಕೆಟ್ಟು ಬಂದವನ್ನು ರಿಪೇರಿಯೂ ಮಾಡುತ್ತಿದ್ದ. ಮೇಜಿನ ಕೆಳಗೆ ಒಂದು ಲಾರಿ ಬ್ಯಾಟರಿ, ಮೇಜಿನ ಮೇಲೆ ಆ ದಿನ ಯಾರದು ರಿಪೇರಿಯಾಗಿದೆಯೋ ಆ ಸೆಟ್ಟು. ಸರಿಯಾಗಿದೆಯೋ ಇಲ್ಲವೋ ನೋಡಲು ಅಪ್ಪ ಅದನ್ನು ನಾವು ಉಣ್ಣುವ ಹೊತ್ತಿನಲ್ಲೇ ಹಚ್ಚುತ್ತಿದ್ದ. ಇವತ್ತು ಚಿತ್ರದುರ್ಗದ ಲಾರಿಯವನ ಸೆಟ್ಟು ಹಾಡಿದರೆ ನಾಳೆ ಯಾರೋ ಡಾಕ್ಟರ ಕಾರಿನ ಸೆಟ್ಟು ವಾರ್ತೆ ಓದುತ್ತಿತ್ತು. ಮೆಚ್ಚಿಕೊಂಡ ಸೆಟ್ಟು ಮರುದಿನ ಮಾಲೀಕನ ಜೊತೆ ಹೊರಟುಹೋದಾಗ ನನಗೆ ಅಳುವೇ ಬರುತ್ತಿತ್ತು. ಅವ್ವ ಮಾತ್ರ ಇದಕ್ಕೆಲ್ಲ ಮೂಗು ಮುರಿಯುತ್ತಿದ್ದಳು. ರೊಟ್ಟಿ ತಟ್ಟುವ ಸದ್ದಿಗಿಂತ ಜೋರಾಗಿ ಯಾವ ಸೆಟ್ಟೂ ಹಾಡಕೂಡದು ಎಂಬುದು ಅವಳ ಕಟ್ಟಪ್ಪಣೆ.

ಟೇಪನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬಂದವರಿಗೆಲ್ಲ ಪಾಠ ಹೇಳುವುದು ಅಪ್ಪನಿಗೆ ಒಂದು ಚಟ. ಗಾಡಿ ನಿಲ್ಲಿಸುವಾಗ ಕ್ಯಾಸೆಟ್ಟು ಒಳಗೇ ಬಿಡಬಾರದು, ಬಿಟ್ಟರೆ ರಬ್ಬರ್ ಗಾಲಿಗೆ ಗುಳಿ ಬೀಳುತ್ತದೆ. ಬಿಸಿಲಲ್ಲಿ ಗಾಜಿನ ಕೆಳಗೆ ಕ್ಯಾಸೆಟ್ಟು ಇಡಬಾರದು. ರೀಲು ಸಡಿಲವಾಗಿದ್ದರೆ ಮೊದಲು ಪೆನ್ಸಿಲ್ ತೂರಿಸಿ ಬಿಗಿ ಮಾಡಿಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಹೆಡ್ಡು ಒರೆಸಬೇಕು. ಹೆಡ್ಡು ಎಂದರೆ ರೀಲಿನ ಮೇಲಿರುವುದನ್ನು ಓದುವ ಉಗುರಿನಷ್ಟು ಅಗಲದ ಲೋಹದ ತುಂಡು. ಅದರ ಮೇಲೆ ಧೂಳು ಕೂತರೆ ಹಾಡು ಕಂಬಳಿ ಹೊದ್ದುಕೊಂಡವರ ದನಿಯಂತೆ ಕೇಳಿಸುತ್ತದೆ. ಯಾರಾದರೂ ಈ ಮಾತಿಗೆ ನಕ್ಕರೆ ಅಪ್ಪ ಕೈಕೆಲಸ ನಿಲ್ಲಿಸಿ, ನೀವು ದಿನಾ ಬಾಯಿ ತೊಳೆದುಕೊಳ್ಳುವುದಿಲ್ಲವೇ ಎಂದು ಕೇಳಿಬಿಡುತ್ತಿದ್ದ. ಒಮ್ಮೆ ಒಬ್ಬ ಲಾರಿ ಡ್ರೈವರು ಹಾಡು ಎಳೆದೆಳೆದು ಬರುತ್ತದೆಂದು ಕ್ಯಾಸೆಟ್ಟು ತೂರಿಸುವ ಬಾಯಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬಂದಿದ್ದ. ಇನ್ನೊಬ್ಬರು ಆಯುಧಪೂಜೆಗೆ ಅದೇ ಬಾಯಿಯೊಳಗೆ ಕುಂಕುಮ, ಅಕ್ಕಿಕಾಳು ಎಲ್ಲ ಏರಿಸಿದ್ದರು. ಅಪ್ಪ ಬೈಯುತ್ತ, ನಾನು ನಗುತ್ತ ಆ ಸೆಟ್ಟುಗಳನ್ನು ತೊಳೆದೆವು. ಒರೆಸುವ ಕೆಲಸ ನನ್ನದು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಹೆಡ್ಡಿನ ಮೇಲೆ ಎಡದಿಂದ ಬಲಕ್ಕೆ ಮಾತ್ರ ಎಳೆಯಬೇಕು. ಏಳನೇ ವಯಸ್ಸಿಗೆ ನನ್ನ ಕೈ ಆ ಕೆಲಸಕ್ಕೆ ಪಳಗಿತ್ತು.

ಆದರೆ ನಾನು ಅಪ್ಪನ ಜೊತೆ ಇರಲೇಬೇಕಾಗಿದ್ದದ್ದು ಹೆಡ್ಡು ಒರೆಸುವುದಕ್ಕಲ್ಲ. ಅಪ್ಪನಿಗೆ ಬಣ್ಣ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಳದಿ, ನೀಲಿ ಗೊತ್ತಾಗುತ್ತಿದ್ದವು. ಕೆಂಪು ಅವನ ಕಣ್ಣಿಗೆ ಮಾಸಿದ ಕಪ್ಪು. ಹಸಿರಿಗೂ ಕಾಫಿ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲ. ಮದುವೆಯಾದ ಹೊಸದರಲ್ಲಿ ಹಸಿರು ಕುಪ್ಪಸದ ಬಟ್ಟೆ ತರುತ್ತೇನೆಂದು ಹೋಗಿ ಕಾಫಿ ಬಣ್ಣದ್ದು ತಂದು, ಹಸಿರು ಚೆನ್ನಾಗಿದೆಯಲ್ಲವೇ ಎಂದು ಕೇಳಿದಾಗ ಅವ್ವನಿಗೆ ವಿಷಯ ಗೊತ್ತಾಯಿತಂತೆ. ಅದಕ್ಕೂ ಮೊದಲೇ ಅದು ಅಪ್ಪನ ಅನ್ನ ಕಿತ್ತುಕೊಂಡಿತ್ತು. ಹುಡುಗನಾಗಿದ್ದಾಗ ಅವನು ಊರಿನ ಒಂದು ಹತ್ತಿ ಮಿಲ್ಲಿನಲ್ಲಿ ಟವೆಲ್ಲು ಮಡಿಸುವ ಕಡೆ ಇದ್ದ. ಕೆಂಪು ಅಂಚಿನವು ಒಂದು ಗಂಟು, ಕಡು ಹಸಿರು ಅಂಚಿನವು ಇನ್ನೊಂದು. ಅಪ್ಪ ಎರಡನ್ನೂ ಕಲಸಿಬಿಡುತ್ತಿದ್ದ. ಬೇಕೆಂದೇ ಮಾಡುತ್ತಾನೆ, ಸೊಕ್ಕಿನವನು ಎಂದು ಮೇಲಿನವರು ಎಲ್ಲರೆದುರಿಗೆ ಬೈದು ಹೊರಗೆ ಹಾಕಿದರು. ಕಣ್ಣಿಗೆ ಕಾಣುವುದಿಲ್ಲ ಎಂದು ಹೇಳಿದ್ದರೆ ಏನಾಗುತ್ತಿತ್ತೋ, ಅಪ್ಪ ಹೇಳಲಿಲ್ಲ. ಸೊಕ್ಕಿನವನು ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿರಬೇಕು.

ಹೋಗಿ ಹೋಗಿ ವೈರುಗಳ ಕೆಲಸಕ್ಕೇ ಬಂದನಲ್ಲ ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಅಪ್ಪನ ಕಿವಿ ಅಂಥ ಕಿವಿ. ಟೇಪಿನ ಮೋಟಾರು ಕೂದಲೆಳೆಯಷ್ಟು ನಿಧಾನವಾದರೂ ಗೊತ್ತಾಗುತ್ತಿತ್ತು. ಕಾರಿನ ವೈರುಗಳಲ್ಲಿ ಯಾವುದರಲ್ಲಿ ಕರೆಂಟಿದೆ ಎಂದು ಸಣ್ಣ ಬಲ್ಬು ಹಿಡಿದು ನೋಡಿಕೊಳ್ಳಬಹುದು, ಅದಕ್ಕೆ ಬಣ್ಣ ಬೇಕಿಲ್ಲ. ತೊಂದರೆ ಇದ್ದದ್ದು ಹೊಸ ಸೆಟ್ಟುಗಳಲ್ಲಿ. ಸೆಟ್ಟಿನ ಬೆನ್ನಿನಿಂದ ಒಂದು ಹಿಡಿ ವೈರು ನೇತಾಡುತ್ತವೆ, ಅವುಗಳಲ್ಲಿ ಜೀವವಿಲ್ಲ. ಕೆಂಪನ್ನು ಕರೆಂಟಿಗೆ, ಕಪ್ಪನ್ನು ಗಾಡಿಯ ಮೈಗೆ, ಉಳಿದವನ್ನು ಸ್ಪೀಕರುಗಳಿಗೆ ಜೋಡಿಸಬೇಕು. ಕೆಂಪು ಕಪ್ಪು ಅದಲುಬದಲಾದರೆ ಸೆಟ್ಟು ಸುಟ್ಟುಹೋಗುತ್ತದೆ. ಮುಚ್ಚಳ ಬಿಚ್ಚಿ ಒಳಗೆ ನೋಡಿದರೆ ಗೊತ್ತಾಗುತ್ತದೆ ನಿಜ, ಆದರೆ ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಹೊಸ ಸೆಟ್ಟಿನ ಮುಚ್ಚಳ ಬಿಚ್ಚಲು ಯಾವ ಮಾಲೀಕ ಬಿಟ್ಟಾನು? ಮೊದಮೊದಲು ಅವ್ವನೇ ಪರದೆಯ ಹಿಂದೆ ನಿಂತು ವೈರು ಬೇರೆ ಮಾಡಿಕೊಡುತ್ತಿದ್ದಳಂತೆ. ನಾನು ದೊಡ್ಡವಳಾದ ಮೇಲೆ ಆ ಕೆಲಸ ನನಗೆ ಬಂತು. ಹಳದಿ, ನೀಲಿ ಅಪ್ಪನವು. ಕೆಂಪು, ಕಪ್ಪು, ಹಸಿರು, ಕಾಫಿ ಬಣ್ಣ ನನ್ನವು.

ಗಿರಾಕಿಗೆ ತಿಳಿಯಬಾರದಲ್ಲ, ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಅಪ್ಪ ಕಾರಿನೊಳಗೆ ಅಂಗಾತ ಮಲಗಿ ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸುತ್ತಿದ್ದ, ಕಾಲು ಬಾಗಿಲಿನಿಂದ ಹೊರಗೆ. ನಾನು ಸೀಟಿನಲ್ಲಿ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಅವನ ಎಡಗೈ ಮೇಲೆ ಬರುತ್ತಿತ್ತು. ನಾನು ಒಂದು ವೈರಿನ ತುದಿಯನ್ನು ಆ ಕೈಗೆ ಕೊಟ್ಟು ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ಕೆಂಪು, ಎರಡು ಸಲ ಕಪ್ಪು, ಮೂರು ಹಸಿರು, ನಾಲ್ಕು ಕಾಫಿ ಬಣ್ಣ. ಬಾಯಿ ಬಿಡುವ ಮಾತೇ ಇಲ್ಲ. ಮಗಳು ಎಷ್ಟು ಚೂಟಿ, ಅಪ್ಪನ ಜೊತೆಗೇ ಇರುತ್ತಾಳೆ ಎಂದು ಗಿರಾಕಿಗಳು ಹೊಗಳುತ್ತಿದ್ದರು. ನನ್ನ ಪ್ರಾಥಮಿಕ ಶಾಲೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಹೊಸ ಸೆಟ್ಟು ಬಂದರೆ ಅಪ್ಪ ಪಕ್ಕದ ದಾದಾಪೀರ್ ಕಾಕಾನನ್ನು ಕಳಿಸುತ್ತಿದ್ದ. ದಾದಾಪೀರ್ ಕಾಕಾ ಕಾರಿನ ಸೀಟುಗಳಿಗೆ ಕುಶನ್ ಹೊಲಿಯುವವರು, ನಮ್ಮ ಗೋಡೆಗೇ ಅವರ ಅಂಗಡಿ. ಅವರು ಶಾಲೆಯ ಕಿಟಕಿಯಲ್ಲಿ ತಲೆ ಹಾಕಿ ಟೀಚರಿಗೆ ಕೈ ಮುಗಿದರೆ ನಾನು ಎದ್ದು ಓಡುತ್ತಿದ್ದೆ. ಯಾಕೆ ಕರೆಯುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. ನನಗಂತೂ ಅದೊಂದು ಗರ್ವ. ತರಗತಿಯಲ್ಲಿ ಬೇರೆ ಯಾರ ಅಪ್ಪನಿಗೂ ಮಗಳಿಲ್ಲದೆ ಕೆಲಸ ನಿಲ್ಲುತ್ತಿರಲಿಲ್ಲ.

ಏಳನೇ ತರಗತಿ ಮುಗಿದಾಗ ಆ ಗರ್ವವೇ ಕಾಲಿಗೆ ತೊಡರಿಕೊಂಡಿತು. ಹೈಸ್ಕೂಲು ನಿಜಲಿಂಗಪ್ಪ ಬಡಾವಣೆಯಿಂದಾಚೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಅಲ್ಲಿಗೆ ಯಾರೂ ಬಂದು ಕಿಟಕಿಯಲ್ಲಿ ತಲೆ ಹಾಕುವಂತಿಲ್ಲ. ಅರ್ಜಿಯ ಫಾರಂ ತಂದು ನಾನೇ ತುಂಬಿದ್ದೆ, ಅಪ್ಪನ ಸಹಿಯೊಂದು ಬಾಕಿ. ಅಪ್ಪ ಇವತ್ತು ನಾಳೆ ಎನ್ನುತ್ತ ದಿನ ದೂಡಿದ. ಒಂದು ವರ್ಷ ಮನೆಯಲ್ಲೇ ಇರಲಿ, ಆಮೇಲೆ ನೋಡೋಣ ಎಂದು ಒಂದು ದಿನ ಉಣ್ಣುತ್ತ ಹೇಳಿದ. ಅವ್ವನ ಕೈಯ ಸಾರಿನ ಸೌಟು ಅಲ್ಲೇ ನಿಂತಿತು. ಅವತ್ತು ಅವರಿಬ್ಬರ ನಡುವೆ ನಡೆದದ್ದು ನಮ್ಮ ಮನೆ ಕಂಡ ಅತಿ ದೊಡ್ಡ ಜಗಳ, ಅದೂ ಪಿಸುಮಾತಿನಲ್ಲಿ. ಪರದೆಯ ಆಚೆ ಗಿರಾಕಿ ಕೂತಿದ್ದ. ಅವನಿಗೆ ಕೇಳಿಸಬಾರದೆಂದು ಮೇಜಿನ ಮೇಲಿನ ಸೆಟ್ಟನ್ನು ಜೋರು ಮಾಡಿದ್ದರು. ಯಾರೋ ಕೃಷಿಯ ಬಗ್ಗೆ ಮಾತಾಡುತ್ತಿದ್ದರು, ಅದರ ಅಡಿಯಲ್ಲಿ ಅವ್ವನ ಮಾತು ನನಗೆ ಸ್ಪಷ್ಟವಾಗಿ ಕೇಳಿತು.

"ನಿಮ್ ಕಣ್ಣಿಗೆ ನನ್ನ ಮಗಳನ್ನ ಕಟ್ಟಿ ಹಾಕ್ತೀರೇನ್ರಿ? ನಾಲ್ಕು ಮಂದಿಗೆ ಹೇಳಿದ್ರೆ ಏನಾಕೈತೆ?"

"ಮಂದಿ ಹೆಂಗಿರ್ತಾರೆ ಅಂತ ಮಿಲ್ಲಿನಾಗೆ ನೋಡೀನಿ. ಕಣ್ ಕಾಣದ ಮೇಸ್ತ್ರಿ ಹತ್ರ ಯಾರು ಸೆಟ್ ಕೊಡ್ತಾರೆ?"

ಅವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಕೂತೇ ಇದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ನಿನಗೆ ಓದಬೇಕು ಅನ್ನಿಸುತ್ತದಾ ಎಂದು ಒಂದು ಮಾತು ಕೇಳಿದ್ದರೆ ಬಹುಶಃ ನಾನೇ ಬೇಡ ಅಂದುಬಿಡುತ್ತಿದ್ದೆನೇನೋ. ಅಷ್ಟು ಇಷ್ಟ ನನಗೆ ಅಪ್ಪ ಅಂದರೆ. ಕೇಳದೇ ಇದ್ದದ್ದನ್ನು ನನಗೆ ಕ್ಷಮಿಸಲಾಗಲಿಲ್ಲ.

ಫಾರಂ ಕೊಡಲು ಕೊನೆಯ ದಿನ ಶನಿವಾರ, ಮಧ್ಯಾಹ್ನ ಒಂದು ಗಂಟೆಯವರೆಗೆ. ಶುಕ್ರವಾರ ಹರಿಹರದಿಂದ ರುದ್ರಪ್ಪನವರು ಬಂದರು. ಮದುವೆ ಮೆರವಣಿಗೆಗಳಿಗೆ ಅಂಬಾಸಿಡರ್ ಬಾಡಿಗೆಗೆ ಬಿಡುತ್ತಿದ್ದ ಅವರು ಅಪ್ಪನ ಹಳೆಯ ಗಿರಾಕಿ. ಈ ಸಲ ಅವರದೇ ಮಗಳ ಮದುವೆ. ಶನಿವಾರ ನಾಲ್ಕು ಗಂಟೆಗೆ ಹೆಣ್ಣನ್ನು ಅದೇ ಕಾರಿನಲ್ಲಿ ಗಂಡಿನ ಊರಿಗೆ ಕರೆದೊಯ್ಯಬೇಕು. ತಮ್ಮ ಭಾವಮೈದ ಮುಂಬಯಿಯಿಂದ ಒಂದು ಹೊಸ ಸೆಟ್ಟು ತಂದಿದ್ದಾನೆ, ಅಂಥದ್ದು ಈ ಕಡೆ ಯಾರ ಗಾಡಿಯಲ್ಲೂ ಇಲ್ಲ. ಮದುವೆ ಮನೆಯ ಗಡಿಬಿಡಿಯಲ್ಲಿ ಕಾರು ದಾವಣಗೆರೆಗೆ ತರಲಾಗುವುದಿಲ್ಲ, ಮೇಸ್ತ್ರಿಯೇ ಬಂದು ಕೂಡಿಸಿಕೊಡಬೇಕು ಎಂದರು. ಅಪ್ಪ ಒಪ್ಪಿಕೊಂಡ. ಬೆಳಿಗ್ಗೆಯ ಬಸ್ಸಿಗೆ ಹೋದರೆ ಹನ್ನೊಂದಕ್ಕೆಲ್ಲ ವಾಪಸ್ಸು, ಬಂದು ಸಹಿ ಹಾಕಿ ನಾನೇ ಸ್ಕೂಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ಹೇಳಿದ. ನಾನು ನಂಬಿದೆ. ಅವ್ವ ನಂಬಿದಳೋ ಇಲ್ಲವೋ, ಫಾರಂ ತೆಗೆದು ತನ್ನ ಟ್ರಂಕಿನಲ್ಲಿಟ್ಟುಕೊಂಡಳು.

ಎಂಟೂವರೆಗೆ ನಾವು ಹರಿಹರದ ಅವರ ಮನೆಯಲ್ಲಿದ್ದೆವು. ಕಾರು ಇರಲಿಲ್ಲ. ಮಾಯಕೊಂಡದಿಂದ ಮದುಮಗಳ ಸೋದರತ್ತೆಯನ್ನು ಕರೆತರಲು ಹೋಗಿದೆ, ಇನ್ನೇನು ಬಂದುಬಿಡುತ್ತದೆ ಎಂದರು. ಚಪ್ಪರದ ಕೆಳಗೆ ಹೆಂಗಸರು ಹೂ ಕಟ್ಟುತ್ತಿದ್ದರು. ನಮಗೆ ಉಪ್ಪಿಟ್ಟು ಕೊಟ್ಟರು. ಅಪ್ಪ ಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ತಿರುಗಿಸಿ ಮುರುಗಿಸಿ ನೋಡಿ, ಬಂದುಹೋದವರಿಗೆಲ್ಲ ಹೆಡ್ಡು ಒರೆಸುವ ಪಾಠ ಮಾಡುತ್ತ ಕೂತ. ನಾನು ನಡುಮನೆಯ ಗೋಡೆಯ ಗಡಿಯಾರ ಕಾಣುವ ಹಾಗೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಹತ್ತಾಯಿತು. ಹನ್ನೊಂದಾಯಿತು. ಅಪ್ಪ, ಹೋಗೋಣ ಎಂದೆ. ಬಾಯಿ ಮುಚ್ಚು ಎನ್ನುವಂತೆ ಕಣ್ಣಲ್ಲೇ ಗದರಿದ. ಕೆಲಸ ಬಿಟ್ಟು ಹೋದರೆ ಮದುವೆ ಮನೆಯವರು ಏನೆನ್ನುತ್ತಾರೆ ಎಂದು ಆಮೇಲೆ ಮೆಲ್ಲಗೆ ಹೇಳಿದ. ಹನ್ನೆರಡೂ ಹೊಡೆಯಿತು. ಬೇಕೆಂದೇ ಹೊತ್ತು ಕಳೆಯಲು ನನ್ನನ್ನು ಇಲ್ಲಿಗೆ ಕರೆತಂದಿದ್ದಾನೆ ಎಂದು ನನಗೆ ಅನ್ನಿಸಿದ್ದು ಆಗಲೇ. ಒಮ್ಮೆ ಅನ್ನಿಸಿದ ಮೇಲೆ ಅದನ್ನು ತಲೆಯಿಂದ ತೆಗೆಯಲಾಗಲಿಲ್ಲ. ಅಪ್ಪ ನಿಜವಾಗಿ ಹಾಗೆ ಮಾಡಿದ್ದನೇ? ಇವತ್ತಿಗೂ ನನಗೆ ಗೊತ್ತಿಲ್ಲ.

ಕಾರು ಬಂದದ್ದು ಹನ್ನೆರಡು ದಾಟಿದ ಮೇಲೆ. ಅಪ್ಪ ಅಂಗಿ ಕಳಚಿ, ಬನಿಯನ್ನಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಕೊಂಡ. ಸ್ಪೀಕರಿನ ವೈರು ಎಳೆದ, ಬಲ್ಬು ಹಿಡಿದು ಕರೆಂಟಿನ ವೈರು ಹುಡುಕಿಕೊಂಡ. ನಾನು ಸೀಟಿನಲ್ಲಿ ಸೆಟ್ಟು ಇಟ್ಟುಕೊಂಡು ಕೂತಿದ್ದೆ. ಬಿಸಿಲಿಗೆ ರೆಕ್ಸಿನ್ ಸೀಟು ಕಾದು ತೊಡೆ ಸುಡುತ್ತಿತ್ತು. ಮೂರು ಸಲ, ನಾಲ್ಕು ಸಲ ತಟ್ಟಿ ಸ್ಪೀಕರಿನವನ್ನು ಕೊಟ್ಟೆ, ಸರಿಯಾಗಿಯೇ ಕೊಟ್ಟೆ. ಆಗ ಒಳಗೆ ಗಡಿಯಾರ ಒಂದು ಹೊಡೆಯಿತು. ಈಗ ನಮ್ಮ ಊರಿನಲ್ಲಿ ಹೈಸ್ಕೂಲಿನ ಆಫೀಸಿಗೆ ಬೀಗ ಹಾಕುತ್ತಿರುತ್ತಾರೆ ಎಂದುಕೊಂಡೆ. ಅಪ್ಪನ ಎಡಗೈ ಮೇಲೆ ಬಂತು. ನಾನು ಕಪ್ಪು ವೈರನ್ನು ಆ ಕೈಯಲ್ಲಿಟ್ಟು ಒಂದು ಸಲ ತಟ್ಟಿದೆ.

ತಪ್ಪಿ ಆದದ್ದಲ್ಲ. ಗಲಿಬಿಲಿಯಲ್ಲಿ ಆದದ್ದೂ ಅಲ್ಲ. ಇದನ್ನು ಎಷ್ಟೋ ವರ್ಷ ನನಗೆ ನಾನೇ ಬೇರೆ ಥರ ಹೇಳಿಕೊಂಡಿದ್ದೇನೆ, ಇಲ್ಲಿ ಹಾಗೆ ಬರೆಯುವುದಿಲ್ಲ. ಅಪ್ಪ ಆ ವೈರನ್ನು ಕರೆಂಟಿಗೆ ಹೊಸೆದು ಅಂಟುಟೇಪು ಸುತ್ತಿದ. ಮತ್ತೆ ಕೈ ಬಂತು. ಕೆಂಪನ್ನು ಕೊಟ್ಟು ಎರಡು ಸಲ ತಟ್ಟಿದೆ. ಅದನ್ನು ಗಾಡಿಯ ಮೈಗೆ ಕಟ್ಟಿದ. ಕೀಲಿ ತಿರುಗಿಸು ಎಂದು ಕೆಳಗಿನಿಂದಲೇ ಹೇಳಿದ. ಬೇಡ ಎನ್ನಲು ಆಗಲೂ ಹೊತ್ತಿತ್ತು. ನಾನು ಕೀಲಿ ತಿರುಗಿಸಿದೆ.

ಒಂದು ಸಣ್ಣ ಚಟ್ ಸದ್ದು, ತೊಡೆಯ ಮೇಲಿನ ಸೆಟ್ಟಿನಿಂದ ಹೊಗೆ, ಸುಟ್ಟ ಮೇಣದ ವಾಸನೆ. ನಾನು ಕಿರುಚಿ ಕೀಲಿ ಹಿಂದಕ್ಕೆ ತಿರುಗಿಸಿದೆ. ಅಪ್ಪ ತಲೆ ತಗಲಿಸಿಕೊಂಡು ಹೊರಗೆ ಬಂದ, ಹಣೆ ಕೆತ್ತಿ ರಕ್ತ ಬರುತ್ತಿತ್ತು. ಕರೆಂಟಿಗೆ ಹೊಸೆದಿದ್ದ ವೈರನ್ನು ಎಳೆದು ಬಿಡಿಸಿಕೊಂಡ. ಅದನ್ನು ಬಿಸಿಲಿಗೆ ಹಿಡಿದ, ಕಣ್ಣಿನ ಹತ್ತಿರ ತಂದ, ದೂರ ಹಿಡಿದ. ಅವನಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ಅವನಿಗೆ ಇದ್ದದ್ದು ನಾನೊಬ್ಬಳೇ.

"ಇದು ಯಾವ್ದು?"

"ಕಪ್ಪು."

"ಎಷ್ಟು ತಟ್ಟಿದೆ?"

"ಒಂದು."

"ಗೊತ್ತಿದ್ದೇ ತಟ್ಟಿದ್ಯಾ?"

ನಾನು ಹೂಂ ಎಂದೆ. ಅಪ್ಪ ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವನು ವೈರು ಕೈಬಿಟ್ಟು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಭಯವಿತ್ತು. ನನ್ನ ಅಪ್ಪ ನನಗೆ ಹೆದರಿದ್ದನ್ನು ನಾನು ನೋಡಿದೆ. ಅಷ್ಟು ಹೊತ್ತಿಗೆ ವಾಸನೆ ಹಿಡಿದು ರುದ್ರಪ್ಪನವರು ಓಡಿಬಂದರು, ಅವರ ಹಿಂದೆ ಮುಂಬಯಿಯ ಭಾವಮೈದ, ಅವರ ಹಿಂದೆ ಅರ್ಧ ಮದುವೆ ಮನೆ. ಇಪ್ಪತ್ತು ವರ್ಷದಿಂದ ಕೆಲಸ ಮಾಡುವವರು ಹೊಸ ಸೆಟ್ಟನ್ನು ಹೇಗೆ ಸುಟ್ಟಿರಿ ಎಂದು ರುದ್ರಪ್ಪನವರು ಕೇಳಿದರು. ಈ ಕಡೆಯವರ ಕೈಗೆ ಕೊಡಬೇಡಿ ಎಂದು ಮೊದಲೇ ಹೇಳಿದ್ದೆ ಎಂದ ಭಾವಮೈದ. ಅಪ್ಪ ಹಣೆಯ ರಕ್ತ ಒರೆಸಿಕೊಂಡು, ನನ್ನ ಕಡೆ ತಿರುಗದೆ ಹೇಳಿದ.

"ನನ್ ಕೈ ತಪ್ತು ರುದ್ರಪ್ಪಾರೆ. ನಾಲ್ಕು ಗಂಟಿಗೆ ಹಾಡಿಸ್ತೀನಿ. ಹಾಡಲಿಲ್ಲಂದ್ರೆ ಅಂಗಡಿ ಮಾರಿಯಾದ್ರೂ ಸೆಟ್ಟಿನ ರೊಕ್ಕ ಕೊಡ್ತೀನಿ."

ಜಗಲಿಯ ಮೇಲೆ ಚಾಪೆ ಹಾಸಿಸಿಕೊಂಡು, ಬೆಸುಗೆಯ ಕಡ್ಡಿಯನ್ನು ಕರೆಂಟಿಗೆ ಹಚ್ಚಿ ಅಪ್ಪ ಕೂತ. ಮುಚ್ಚಳ ಬಿಚ್ಚಿದ. ಭಾವಮೈದ ಎದುರಿಗೇ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತಿದ್ದ. ನಾನು ನನ್ನ ಜಾಗದಲ್ಲಿ, ಅಪ್ಪನ ಎಡಗಡೆ ಕೂತೆ. ಈಗ ಕೈ ಚಾಚುತ್ತಾನೆ, ಈಗ ಸರಿಯಾಗಿ ಹೇಳುತ್ತೇನೆ ಎಂದು ಕಾದೆ. ಅವನು ಕೈ ಚಾಚಲಿಲ್ಲ. ಒಂದೊಂದು ವೈರನ್ನೂ ಬೆರಳಲ್ಲಿ ಹಿಡಿದು ಅದು ಒಳಗಿನ ಸರ್ಕ್ಯೂಟ್ ಹಲಗೆಗೆ ಬೆಸೆದಿರುವ ಜಾಗದವರೆಗೂ ಹಿಂಬಾಲಿಸಿದ, ಅಲ್ಲಿ ಬರೆದಿದ್ದ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಓದಿದ, ವೈರಿಗೆ ಗಂಟು ಹಾಕಿದ. ಕರೆಂಟಿನದಕ್ಕೆ ಒಂದು ಗಂಟು, ಮೈಗೆ ಹೋಗುವುದಕ್ಕೆ ಎರಡು. ಬೆವರು ಮೂಗಿನ ತುದಿಯಿಂದ ಚಾಪೆಗೆ ತೊಟ್ಟಿಕ್ಕುತ್ತಿತ್ತು. ಸುಟ್ಟಿದ್ದದ್ದು ಉದ್ದಿನ ಕಾಳಿನಷ್ಟಿದ್ದ, ಕರೆಂಟು ಅದಲುಬದಲಾದರೆ ತಾನು ಸುಟ್ಟು ಉಳಿದದ್ದನ್ನು ಕಾಯುವ ಒಂದು ಡಯೋಡು, ಅದರ ಪಕ್ಕದ ಒಂದು ತಂತಿ ಸುರುಳಿ. ಚೀಲ ತಡಕಾಡಿ ಅಂಥದ್ದೇ ಒಂದನ್ನು ತೆಗೆದು ಬೆಸೆದ. ತಂತಿ ಸುತ್ತುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಊಟಕ್ಕೆ ಕರೆದರೆ ಏಳಲಿಲ್ಲ, ನಾನೂ ಏಳಲಿಲ್ಲ. ಮೂರೂವರೆಗೆ ಸೆಟ್ಟನ್ನು ಕಾರಿಗೆ ಒಯ್ದು, ಗಂಟು ಮುಟ್ಟಿ ಮುಟ್ಟಿ ನೋಡಿ ಜೋಡಿಸಿದ. ಕೀಲಿಯನ್ನು ತಾನೇ ತಿರುಗಿಸಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಸೆಟ್ಟು ಎಷ್ಟು ಜೋರಾಗಿ ಹಾಡಿತೆಂದರೆ ಚಪ್ಪರದ ಕೆಳಗಿದ್ದ ಮಕ್ಕಳೆಲ್ಲ ಕಾರಿನ ಸುತ್ತ ಸೇರಿಕೊಂಡರು. ರುದ್ರಪ್ಪನವರು ಉಸಿರು ಬಿಟ್ಟರು. ನಾಲ್ಕು ಗಂಟೆಗೆ ಮದುಮಗಳು ಹತ್ತಿದಳು, ಕಾರು ಹೊರಟಿತು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನಿಲ್ಲದೆ ಅವನ ಕೆಲಸ ನಡೆಯುವುದೇ ಇಲ್ಲ ಎಂದುಕೊಂಡಿದ್ದೆನಲ್ಲ, ನಡೆಯುತ್ತದೆ, ನಿಧಾನವಾಗಿ ನಡೆಯುತ್ತದೆ ಎಂದು ಅವತ್ತು ನೋಡಿದ್ದೆ. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದಾಗ ಅವ್ವ ಹೊಸಿಲಲ್ಲೇ ನಿಂತಿದ್ದಳು, ಒಳ್ಳೆಯ ಸೀರೆ ಉಟ್ಟಿದ್ದಳು. ನಾವು ಬಸ್ಸು ಹತ್ತಿದ ಮೇಲೆ ಅವಳೇ ಫಾರಂ ತೆಗೆದುಕೊಂಡು, ದಾದಾಪೀರ್ ಕಾಕಾನಲ್ಲಿ ದಾರಿ ಕೇಳಿಕೊಂಡು ನಡೆದೇ ಹೋಗಿದ್ದಳು. ತಾಯಿಯ ಸಹಿಯಾದರೂ ನಡೆಯುತ್ತದೆ ಎಂದು ಆಫೀಸಿನವರು ಹೇಳಿದರಂತೆ. ಮೂರು ಅಕ್ಷರದ ತನ್ನ ಹೆಸರನ್ನು ಬರೆದು, ಹತ್ತೂವರೆಗೆಲ್ಲ ಮುಗಿಸಿಕೊಂಡು ಬಂದಿದ್ದಳು. ಹತ್ತೂವರೆಗೆ. ನಾನು ಹರಿಹರದಲ್ಲಿ ಗಡಿಯಾರ ನೋಡುತ್ತ ಹಲ್ಲು ಕಚ್ಚುತ್ತಿದ್ದಾಗಲೇ ನನಗೆ ಸೀಟು ಸಿಕ್ಕಾಗಿತ್ತು. ಅಪ್ಪ ಕೂಗಾಡುತ್ತಾನೆಂದು ಅವ್ವ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ತಯಾರಾಗಿ ನಿಂತಿದ್ದಳು.

"ಕೊಟ್ಟಿದ್ದು ಚಲೋ ಆತು ಬಿಡು," ಎಂದ ಅಪ್ಪ.

ಹಣೆಗೆ ಏನಾಯಿತೆಂದು ಅವ್ವ ಕೇಳಿದ್ದಕ್ಕೆ ಡ್ಯಾಶ್‌ಬೋರ್ಡು ತಗಲಿತು ಅಂದ. ಉಳಿದದ್ದನ್ನು ಹೇಳಲಿಲ್ಲ, ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವ್ವ ತೀರಿಕೊಳ್ಳುವವರೆಗೂ ನಾನು ಅಪ್ಪನ ಅಚ್ಚುಮೆಚ್ಚಿನ ಮಗಳು ಎಂದೇ ನಂಬಿದ್ದಳು.

ಹೈಸ್ಕೂಲು ಶುರುವಾಯಿತು. ಅಪ್ಪ ಹೊಸ ಸೆಟ್ಟು ಕೂಡಿಸುವ ಕೆಲಸವನ್ನೇ ನಿಲ್ಲಿಸಿದ. ಯಾರಾದರೂ ತಂದರೆ, ಕೈಯಲ್ಲಿ ತುಂಬಾ ಕೆಲಸ ಇದೆ ಎಂದು ಬೇರೆ ಅಂಗಡಿಗೆ ಕಳಿಸುತ್ತಿದ್ದ. ಬೆಲ್ಟು ಬದಲಿಸುವುದು, ಹೆಡ್ಡು ಒರೆಸುವುದು, ಒಳಗೆ ಸಿಕ್ಕಿಕೊಂಡ ರೀಲು ಬಿಡಿಸುವುದು, ಇಷ್ಟೇ. ಒಂದು ಭಾನುವಾರ ನಾನೇ ಹೋಗಿ ಅವನ ಎಡಗಡೆ ಕೂತೆ. ಇವತ್ತು ರಜೆ, ಹೊಸದು ಯಾವುದಾದರೂ ಇದ್ದರೆ ಕೂಡಿಸೋಣ ಎಂದೆ. ಬೇಡ, ಓದಿಕೋ ಹೋಗು ಎಂದ. ದನಿಯಲ್ಲಿ ಬಿರುಸಿರಲಿಲ್ಲ. ನನ್ನ ತಟ್ಟೆಗೆ ಮೊದಲಿನಂತೆಯೇ ಮಂಡಕ್ಕಿಯ ಜೊತೆ ತನ್ನ ಪಾಲಿನ ಮೆಣಸಿನಕಾಯಿ ಬಜ್ಜಿ ಹಾಕುತ್ತಿದ್ದ. ಆದರೆ ಇನ್ನು ನನ್ನ ಕಣ್ಣನ್ನು ಅವನು ನಂಬುವುದಿಲ್ಲ ಎಂದು ನನಗೆ ಗೊತ್ತಾಯಿತು. ಪುಸ್ತಕ ಹಿಡಿದು ಪರದೆಯ ಈಚೆ ಕೂತರೆ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ಹಟಕ್ಕೆ ಬಿದ್ದು ಪಡೆದ ಶಾಲೆ, ಆ ಕೆಲವು ತಿಂಗಳು ನನಗೆ ಶಿಕ್ಷೆಯಂತೆಯೇ ಇತ್ತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದರೆ ಅಂಗಡಿಯ ಮುಂದೆ ರುದ್ರಪ್ಪನವರ ಅಂಬಾಸಿಡರ್ ನಿಂತಿತ್ತು. ಪಕ್ಕದಲ್ಲಿ ಇನ್ನೊಂದು ಗಾಡಿ, ಹೊಸ ಮಟಾಡೋರ್. ಅವರು ಮಟಾಡೋರಿಗೆ ಸೆಟ್ಟು ತಂದಿದ್ದರು. ಅವತ್ತಿನ ಸೆಟ್ಟು ಈವರೆಗೆ ಒಮ್ಮೆಯೂ ಕೆಮ್ಮಿಲ್ಲ, ಸುಟ್ಟದ್ದನ್ನು ಎರಡು ಗಂಟೆಯಲ್ಲಿ ಎಬ್ಬಿಸಿದ ಕೈಗೆ ಬಿಟ್ಟು ಬೇರೆಯವರಿಗೆ ಇದನ್ನು ಕೊಡುವುದಿಲ್ಲ ಎನ್ನುತ್ತಿದ್ದರು. ಅಪ್ಪ ಬೇರೆ ಅಂಗಡಿಯ ಹೆಸರು ಹೇಳಿ ನೋಡಿದ, ಅವರು ಕೇಳಲಿಲ್ಲ. ನಾನು ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತೆ. ಕರೆದರೆ ಓಡಿಹೋಗಿ ಕೂರಲು ತುದಿಗಾಲಲ್ಲಿದ್ದೆ. ಅಪ್ಪ ನನ್ನನ್ನು ನೋಡಿದ. ಆಮೇಲೆ ಸೆಟ್ಟನ್ನು ತಿರುಗಿಸಿ, ಬೆನ್ನಿನ ವೈರುಗಳನ್ನು ಬಿಡಿಸಿ, ರುದ್ರಪ್ಪನವರ ಮುಂದೆ ಹಿಡಿದ.

"ಇದ್ರಾಗೆ ಕೆಂಪು ಯಾವ್ದು, ಕಪ್ಪು ಯಾವ್ದು, ಹೇಳ್ರಿ. ನಂಗೆ ಹುಟ್ಟಿದಾಗಿಂದ ಗೊತ್ತಾಗಲ್ಲ."

ರುದ್ರಪ್ಪನವರು ತಮಾಷೆ ಎಂದುಕೊಂಡು ನಕ್ಕರು. ಅಪ್ಪ ನಗಲಿಲ್ಲ. ಪರದೆಯ ಹಿಂದೆ ರೊಟ್ಟಿ ತಟ್ಟುವ ಸದ್ದು ನಿಂತುಹೋಯಿತು. ರುದ್ರಪ್ಪನವರ ನಗು ಮೆಲ್ಲಗೆ ಇಳಿಯಿತು. ಅವರು ಬಗ್ಗಿ, ದಪ್ಪ ಬೆರಳಿನಿಂದ ಒಂದು ವೈರನ್ನು ಬೇರೆ ಮಾಡಿ, ಇದು ಕೆಂಪು ಎಂದರು. ಇನ್ನೊಂದನ್ನು ಹಿಡಿದು, ಇದು ಕಪ್ಪು ಎಂದರು. ಅಪ್ಪ ಒಂದೊಂದಕ್ಕೂ ಗಂಟು ಹಾಕಿಕೊಂಡ. ಆಗ ಅವರಿಗೆ ಏನೋ ಹೊಳೆದಿರಬೇಕು.

"ಹಂಗಾರೆ ಅವತ್ತು ಸುಟ್ಟಿದ್ದು ಇದಕ್ಕೇ ಏನು ಮೇಸ್ತ್ರಿ?"

"ಹೂನ್ರಿ. ಇದಕ್ಕೆ."

"ಮಗಳು ಪಕ್ಕದಾಗೇ ಕುಂತಿದ್ಲಲ್ಲ. ಆಕೀನ ಒಂದ್ ಮಾತು ಕೇಳಬಾರದಾ?"

ಅಪ್ಪ ಗಂಟನ್ನು ಬಿಗಿ ಮಾಡಿ, ಹಲ್ಲಿನಿಂದ ವೈರಿನ ತುದಿ ಕಚ್ಚಿ ಸುಲಿದ.

"ಅವಳನ್ನ ಕೇಳಲಿಲ್ಲ ನಾನು. ಅದೇ ತಪ್ಪಾತು. ಕೇಳಿದ್ರೆ ಹೇಳ್ತಿದ್ಲು."

ಇಡೀ ಜೀವನ ಬಚ್ಚಿಟ್ಟುಕೊಂಡದ್ದನ್ನು ಅಪ್ಪ ಅವತ್ತು ಬೀದಿಯಲ್ಲಿ ನಿಂತು ಹೇಳಿದ, ನಾನು ಮಾಡಿದ್ದನ್ನು ಅದರ ಕೆಳಗೆ ಮುಚ್ಚಿಟ್ಟ. ಸುಟ್ಟದ್ದು ನಾನು ಎಂದು ಹೇಳಬೇಕಾಗಿದ್ದ ಜಾಗ ಅದು. ರುದ್ರಪ್ಪನವರು ನನ್ನ ಕಡೆ ತಿರುಗಿ, ಜಾಣೆ, ಚೆನ್ನಾಗಿ ಓದು ಎಂದು ತಲೆ ಸವರಿದರು. ನಾನು ಹೂಂ ಎಂದು ಒಳಗೆ ಹೋದೆ.